ಒಂದೇ ಗೋಡೆಯ ಮನೆಗಳು

ರೇಣುಕಾ, ಅವತ್ತು ಗಿರಣಿಯ ಕಣದಲ್ಲಿ ನಡೆದ ಸಭೆಯಲ್ಲಿ ನಾನು ಎದ್ದು ನಿಂತು ಹೇಳಿದ್ದು ಸುಳ್ಳು. ಪೂರಾ ಸುಳ್ಳು. "ಒಂದೇ ಗೋಡಿ ಮನಿ ಯಾರಿಗೂ ಬ್ಯಾಡಂತ್ರಿ ಸರ್. ಗೋಡಿ ಆ ಕಡೆ ಯಾರ್ ಬರ್ತಾರೋ ಏನೋ ಅಂತ ಜನ ಅಂಜ್ತಾರ" — ಹೀಗೆ ಅಂದೆನಲ್ಲ, ನಮ್ಮ ಸಾಲುಖೋಲಿಗಳ ಒಬ್ಬರೂ ಹಾಗೆ ಅಂದಿರಲಿಲ್ಲ. ಆ ಮಾತನ್ನು ಹುಟ್ಟಿಸಿದವಳು ನಾನು. ಯಾಕೆ ಹುಟ್ಟಿಸಿದೆ ಅಂದರೆ, ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ.

ಎಂಟು ವರ್ಷವಾಯಿತು. ನಿನಗೆ ಗೊತ್ತಿರುವ ಸಂಗತಿಗಳನ್ನೂ ಬಿಡಿಸಿ ಬರೆಯುತ್ತೇನೆ. ಇದನ್ನು ನೀನೊಬ್ಬಳು ಓದಿದರೆ ಸಾಲದು, ನನ್ನನ್ನು ನಂಬಿದವರೆಲ್ಲ ಓದಬೇಕು.

ಕಂಪ್ಲಿಯ ಆ ಅಕ್ಕಿ ಗಿರಣಿ ಮುಚ್ಚಿದ ಮೇಲೂ ಅದರ ಹಿಂದಿನ ಸಾಲುಖೋಲಿಗಳಲ್ಲಿ ನಾವು ಇಪ್ಪತ್ತೆರಡು ಮನೆಯವರು ಉಳಿದಿದ್ದೆವು. ಮೂಟೆ ಹೊರುವ ಹಮಾಲರು, ಭತ್ತ ಒಣಗಿಸುತ್ತಿದ್ದ ಹೆಂಗಸರು, ಒಬ್ಬ ದರ್ಜಿ, ಟ್ರ್ಯಾಕ್ಟರ್ ಓಡಿಸುವ ನಿನ್ನ ಗಂಡ, ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ ನನ್ನ ಯಜಮಾನರು. ನಾನು ಅಂಗನವಾಡಿ ಟೀಚರು. ರೇಷನ್ ಕಾರ್ಡಿನ ಅರ್ಜಿ, ವಿಧವಾ ವೇತನದ ಅರ್ಜಿ, ಮಕ್ಕಳನ್ನು ಸಾಲಿಗೆ ಸೇರಿಸುವ ಅರ್ಜಿ — ಎಲ್ಲಕ್ಕೂ ನನ್ನ ಬಾಗಿಲಿಗೇ ಬರಬೇಕಿತ್ತು. "ಟೀಚರ್‌ನ ಕೇಳ್ರಿ" ಅಂದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಆ ಮರ್ಯಾದೆಯ ರುಚಿ ನನಗೆ ಎಷ್ಟು ಹತ್ತಿತ್ತು ಎಂಬುದು ನೀನು ಬರುವವರೆಗೂ ನನಗೇ ತಿಳಿದಿರಲಿಲ್ಲ.

ನೀನು ಸಂಡೂರಿನಿಂದ ಸೊಸೆಯಾಗಿ ಬಂದವಳು. ಗಿರಣಿಯ ಗೇಟಿನ ಬಳಿ ಮಿರ್ಚಿ, ಒಗ್ಗರಣೆ ಮಂಡಕ್ಕಿ ಮಾಡಿ ಮಾರುತ್ತಿದ್ದೆ. ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವಳು. ನಿನ್ನ ಸಹಿಯನ್ನು ನಾನೇ ತಿದ್ದಿಸಿದ್ದೆ, ನೆನಪಿದೆಯಾ?

ಗಿರಣಿಯ ಜಾಗ ಸರ್ಕಾರಕ್ಕೆ ಸೇರಿ, ಅಲ್ಲಿದ್ದವರಿಗೆ ಮನೆ ಆಗಬೇಕೆಂದಾಗ ಎಂಜಿನಿಯರ್ ಬಂದು ಎರಡು ದಾರಿ ಹೇಳಿದರು. ಊರಾಚೆ ಮೆಟ್ರಿ ರಸ್ತೆಯಲ್ಲಿ, ಕಾಲುವೆ ನೀರು ಕುಡಿಯುವ ಗದ್ದೆ ಮುಚ್ಚಿ, ಮನೆಗೊಂದರಂತೆ ಬಿಡಿ ಸೈಟು. ಇಲ್ಲದಿದ್ದರೆ ಇಲ್ಲೇ, ಗಿರಣಿಯ ಜಾಗದಲ್ಲೇ, ಒಂದಕ್ಕೊಂದು ಅಂಟಿಸಿ ಕಟ್ಟಿದ ಮನೆಗಳು. "ನೀವೆಲ್ಲಾ ಕುಂತು ಮಾತಾಡ್ರಿ, ಯಾವುದಾದ್ರೂ ನಾವು ತಯಾರದೀವಿ" ಅಂದು ಹೋದರು. ಅಂಟಿದ ಮನೆ ಅಂದರೆ ಮತ್ತೆ ಇವೇ ಖೋಲಿ ತಾನೇ ಎಂದು ಎಲ್ಲರೂ ಮುಖ ಕಿವುಚಿದರು. ನಾನೂ ಕಿವುಚಿದೆ.

ನೀನೊಬ್ಬಳು ಸುಮ್ಮನಿರಲಿಲ್ಲ. ಮಾರನೆಯ ದಿನ ಬಂದು ನನ್ನಿಂದಲೇ ಚಾಕ್‌ಪೀಸ್ ಡಬ್ಬಿ ಕೇಳಿ ಒಯ್ದೆ. ಯಾಕೆಂದು ನಾನು ಕೇಳಲಿಲ್ಲ. ಸಂಜೆ ಅಂಗನವಾಡಿ ಮುಚ್ಚಿ ಬರುವಷ್ಟರಲ್ಲಿ, ಭತ್ತ ಹರವುತ್ತಿದ್ದ ಆ ದೊಡ್ಡ ಸಿಮೆಂಟ್ ಕಣದ ತುಂಬ ಮನೆಗಳು. ನಿಜದ ಅಳತೆಯ ಮನೆಗಳು — ಹಗ್ಗ ಹಿಡಿದು ಅಳೆದು ಗೀಟು ಎಳೆದಿದ್ದೆ. ಬಾಗಿಲಿಗೆ ಜಾಗ ಬಿಟ್ಟಿದ್ದೆ, ಒಲೆಯ ಕಟ್ಟೆ ಬರೆದಿದ್ದೆ, ನಡುವೆ ಎಲ್ಲರಿಗೂ ಸೇರಿದ ಒಂದು ಅಂಗಳ, ಅದರಲ್ಲೊಂದು ಬೇವಿನ ಗಿಡ. ರಸ್ತೆಯ ಬದಿಗೆ ಕೆಳಗೆ ಅಂಗಡಿ, ಮೇಲೆ ಮನೆ. ಮೆಟ್ಟಿಲು ಹತ್ತಲಾರದ ಮುದುಕರಿಗೆ ನೆಲದ ಮೇಲೆ ಸಣ್ಣ ಮನೆ. ಹೊಸದಾಗಿ ಮದುವೆಯಾದವರಿಗೆ ಒಂದೇ ಕೋಣೆ, ಮುಂದೆ ಮಕ್ಕಳಾದರೆ ಬೆಳೆಸಿಕೊಳ್ಳಲು ತಾರಸಿ.

"ನಮ್ಮಪ್ಪ ಇದ್ದ ಗಣಿ ಕ್ವಾರ್ಟರ್ಸ್ ಹಿಂಗ ಇದ್ವು" ಅಂದೆ ನೀನು. "ಅದ್ರಾಗ ಒಂದ ತಪ್ಪಿತ್ತು. ಎಲ್ಲಾ ಮನೀದೂ ಒಂದ ಅಳತಿ. ಎಲ್ಲಾರಿಗೂ ಒಂದ ಅಳತಿ ಅಂಗಿ ಆಗತೈತೇನು, ರುದ್ರಪ್ಪಣ್ಣ?"

ದರ್ಜಿ ರುದ್ರಪ್ಪ ನಗುತ್ತಾ ತನ್ನ ಗೀಟಿನ ಅಂಗಡಿಯೊಳಗೆ ಹೋಗಿ ಕುಳಿತ. ಅವನ ಗೋಡೆಗೆ ಹತ್ತಿದ ಮನೆ ಹಮಾಲಿ ದುರುಗಪ್ಪನದು. ದುರುಗಪ್ಪ ಯಾವ ಕೇರಿಯಿಂದ ಬಂದವನೆಂದು ಎಲ್ಲರಿಗೂ ಗೊತ್ತಿತ್ತು. ಇಪ್ಪತ್ತು ವರ್ಷ ಒಂದೇ ಗಿರಣಿಯ ಧೂಳು ಕುಡಿದು ಅದು ಮರೆತೂ ಹೋಗಿತ್ತು. "ಲೇ ದುರುಗ, ನಾ ಗೋಡಿ ಬಡಿದ್ರ ಚಹಾಕ್ಕ ಎದ್ದು ಬರಬೇಕು ನೋಡಲೇ" ಎಂದು ರುದ್ರಪ್ಪ ಗಾಳಿಯಲ್ಲಿ ಗೋಡೆ ಬಡಿದು ತೋರಿಸಿದ. ಬಸಮ್ಮಜ್ಜಿ ತನ್ನ ಕೋಣೆಯಲ್ಲಿ ಮಲಗಿಯೇ ನೋಡಿದಳು, ಮಂಚ ಹಿಡಿಯುತ್ತದೋ ಇಲ್ಲವೋ ಎಂದು. ಹನುಮಕ್ಕ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಾಗಿಲಿನಿಂದ ಸಾಲಿಯವರೆಗೆ ಎಷ್ಟು ಹೆಜ್ಜೆ ಎಂದು ನಡೆದು ಬಂದಳು. ಎಲ್ಲರ ಬಾಯಲ್ಲೂ ಒಂದೇ — ರೇಣುಕಾ, ನಮ್ಮನೆ ಎಲ್ಲಿ? ರೇಣುಕಾ, ಕಿಟಕಿ ಎಲ್ಲಿ?

ನಾನು ಕಣದ ಅಂಚಿನಲ್ಲಿ ನಿಂತಿದ್ದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ.

ನೀನು ನನ್ನನ್ನೂ ಮರೆತಿರಲಿಲ್ಲ. "ಟೀಚರ್, ನಿಮ್ಮ ಮನಿ ಇಲ್ಲಿ. ಪುಸ್ತಕ ಇಡಾಕ ಗೂಡು ಬರ್ದೀನಿ" ಅಂದೆ. ಅದನ್ನು ಕೇಳಿ ಸಂತೋಷಪಡುವಷ್ಟು ದೊಡ್ಡ ಮನಸ್ಸು — ಇರಲಿಲ್ಲ. ಅಷ್ಟರಲ್ಲಿ ನನ್ನ ಯಜಮಾನರು ಆ ಮನೆಯೊಳಗೆ ಹೋದರು. ಚಪ್ಪಲಿಯನ್ನು ಗೀಟಿನ ಹೊರಗೆ ಬಿಟ್ಟು ಹೋದರು, ನೋಡು. ಅಡುಗೆಮನೆಯಲ್ಲಿ ನಿಂತು, "ತಂಗಿ, ಕಿಟಕಿ ಪೂರ್ವಕ್ಕಾದ್ರ ಈಕೀಗೆ ಮುಂಜಾನಿ ಬೆಳಕು ಬರತೈತಿ" ಅಂದರು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಆ ಮನುಷ್ಯ ಮನೆಯ ವಿಷಯವಾಗಿ ನನ್ನ ಹತ್ತಿರ ಒಂದು ಮಾತು ಆಡಿದವರಲ್ಲ. ನನ್ನ ಬೆಳಕಿನ ಮಾತನ್ನು ನಿನ್ನ ಹತ್ತಿರ ಆಡಿದರು. ತಂಗಿ ಎಂದೇ ಕರೆದರು. ನನಗೆ ಬೇರೆ ಯಾವ ಸಂಶಯವೂ ಇರಲಿಲ್ಲ. ಆದರೂ ಎದೆಯೊಳಗೆ ಏನೋ ಸುಟ್ಟಿತು. ಓದಿದವಳು ನಾನು, ಬರೆಯಬಲ್ಲವಳು ನಾನು — ನನಗೆ ಇದು ಹೊಳೆಯಲಿಲ್ಲವಲ್ಲ. ನನ್ನ ಚಾಕ್‌ಪೀಸಿನಿಂದಲೇ...

ಅಲ್ಲಿಂದ ನಿನ್ನ ಪ್ರತಿಯೊಂದೂ ನನಗೆ ಚುಚ್ಚತೊಡಗಿತು. ನಿನ್ನ ನಗು, ನಿನ್ನ ಮಂಡಕ್ಕಿ ಬುಟ್ಟಿಯ ಸುತ್ತ ಕೂರುವ ಹೆಂಗಸರು, ನನ್ನ ಅಂಗನವಾಡಿಯ ಕೂಸುಗಳು ಕೂಡ ನಿನ್ನನ್ನು ಕಂಡರೆ ಓಡುವುದು. ಮಳೆ ಬಂದು ಆ ಗೀಟುಗಳು ತೊಳೆದು ಹೋಗಲೆಂದು ನಾನು ಬೇಡಿಕೊಂಡಿದ್ದೂ ಉಂಟು. ಮಳೆ ಬರಲಿಲ್ಲ. ಮಾಸಿದ ಕಡೆ ಜನರೇ ಮತ್ತೆ ತಿದ್ದಿ ಬರೆದುಕೊಳ್ಳುತ್ತಿದ್ದರು.

ಎಂಜಿನಿಯರ್ ನನ್ನನ್ನು ಕರೆದು, ಮನೆಮನೆಗೆ ಹೋಗಿ ಯಾರಿಗೆ ಎಂಥ ಮನೆ ಬೇಕೆಂದು ಕೇಳಿ ಬರೆದುಕೊಂಡು ಬನ್ನಿ ಎಂದರು. ಬರೆಯುವ ಕೆಲಸವಲ್ಲವೇ, ನನಗೇ ಬಂತು. ಎರಡು ದಿನ ತಿರುಗಿದೆ. ಇಬ್ಬರು ಮಾತ್ರ ಬಿಡಿ ಸೈಟು ಬೇಕೆಂದರು, ಎಮ್ಮೆ ಕಟ್ಟಲು ಜಾಗ ಬೇಕಿತ್ತು ಅವರಿಗೆ. ಉಳಿದವರೆಲ್ಲ ಇಲ್ಲೇ ಇರುತ್ತೇವೆಂದರು. ಆಸ್ಪತ್ರೆ ಹತ್ತಿರ, ಸಂತೆ ಹತ್ತಿರ, ಕೂಲಿಗೆ ಕರೆಯುವವರು ಇಲ್ಲಿಗೇ ಬರುತ್ತಾರೆ. ದುರುಗಪ್ಪನಂತೂ, "ರುದ್ರಪ್ಪನ ಬಾಜೂಕ ಕೊಡ್ಸ್ರಿ ಟೀಚರ್, ಮತ್ತೇನೂ ಬ್ಯಾಡ" ಅಂದ. ಎಲ್ಲವನ್ನೂ ಬರೆದುಕೊಂಡೆ. ನನ್ನ ದುಂಡು ಅಕ್ಷರದಲ್ಲಿ, ಒಂದೂ ತಪ್ಪಿಲ್ಲದೆ.

ಸಭೆಯ ದಿನ ಆ ಹಾಳೆಗಳು ನನ್ನ ಚೀಲದಲ್ಲೇ ಇದ್ದವು. ಎಂಜಿನಿಯರ್ ಮೊದಲು ನಿನ್ನನ್ನು ಎಬ್ಬಿಸಿದರು. ನೀನು ಗೀಟುಗಳ ಮೇಲೆ ಓಡಾಡಿ ವಿವರಿಸಿದೆ. ಅವರು ತಲೆದೂಗಿ, "ಓದಿದವರಿಗೂ ಇಷ್ಟು ಹೊಳೆಯಂಗಿಲ್ಲ ನೋಡ್ರಿ" ಎಂದು ನಕ್ಕರು. ಜನ ಚಪ್ಪಾಳೆ ತಟ್ಟಿದರು. ನನ್ನ ಯಜಮಾನರು ಎಲ್ಲರಿಗಿಂತ ಜೋರಾಗಿ. ಆಮೇಲೆ ಎಂಜಿನಿಯರ್ ನನ್ನ ಕಡೆ ತಿರುಗಿ, "ಟೀಚರ್, ಜನ ಏನಂದ್ರು?" ಎಂದರು.

ಚೀಲಕ್ಕೆ ಕೈ ಹಾಕಿದ್ದೆ. ಹಾಳೆ ಬೆರಳಿಗೆ ತಾಗಿತ್ತು ಕೂಡ. ಆದರೆ ಬಾಯಿಂದ ಬಂದದ್ದು ಆ ಮಾತು.

ಯಾರೂ ನನ್ನನ್ನು ನೋಡಲಿಲ್ಲ, ಒಬ್ಬರನ್ನೊಬ್ಬರು ನೋಡಿಕೊಂಡರು. ದುರುಗಪ್ಪ ರುದ್ರಪ್ಪನನ್ನು ನೋಡಿದ. ರುದ್ರಪ್ಪ ನೆಲ ನೋಡಿದ — ತಮ್ಮೊಳಗೇ ಯಾರೋ ಹೀಗೆ ಅಂದರಲ್ಲ ಎಂಬ ನಾಚಿಕೆಯಿಂದ ಇರಬಹುದು. ದುರುಗಪ್ಪನಿಗೆ ಅದು ತಪ್ಪಿತಸ್ಥನ ಮುಖದಂತೆ ಕಂಡಿತು.

ನೀನು ಮಾತ್ರ ಕೇಳಿದೆ. "ಟೀಚರ್, ಯಾರಂದ್ರು ಹಂಗ?"

"ಹೆಸರು ಹೇಳಬ್ಯಾಡ್ರಿ ಅಂದಾರ" ಅಂದೆ.

ಮೊದಲ ಸುಳ್ಳಿಗಿಂತ ಇದು ಕೆಟ್ಟದ್ದು. ಮೊದಲನೆಯದು ನಿನ್ನ ಮನೆಗಳನ್ನು ಕೆಡವಿತು. ಎರಡನೆಯದು ಪ್ರತಿಯೊಬ್ಬನ ಕೈಗೂ ಪಕ್ಕದವನ ಮೇಲಿನ ಒಂದು ಗುಮಾನಿಯನ್ನು ಕೊಟ್ಟು ಕಳಿಸಿತು. ಬಿಡಿ ಸೈಟಿಗೆ ಯಾರು ಕೈ ಎತ್ತುತ್ತೀರಿ ಎಂದಾಗ ಮೊದಲು ಎದ್ದ ಕೈ ದುರುಗಪ್ಪನದು. ಬೇಡವೆಂದು ಬೇರೆಯವರು ಅನ್ನುವ ಮುಂಚೆ ತಾನೇ ಬೇಡವೆಂದು ಬಿಡುವುದು — ಅದು ಅವನಿಗೆ ಉಳಿದಿದ್ದ ಮರ್ಯಾದೆ. ನಂತರ ರುದ್ರಪ್ಪ. ಆಮೇಲೆ ಎಲ್ಲರೂ.

ನನಗೆ ಅವತ್ತು ಖುಷಿಯಾಯಿತು, ರೇಣುಕಾ. ಇದನ್ನೂ ಮುಚ್ಚಿಡುವುದಿಲ್ಲ.

ಮೆಟ್ರಿ ರಸ್ತೆಯ ಸೈಟಿಗೆ ಬಂದವರು ಮನೆಗಿಂತ ಮೊದಲು ಕಾಂಪೌಂಡ್ ಎಬ್ಬಿಸಿದರು. ಆಳೆತ್ತರದ ಕಾಂಪೌಂಡು, ಕೆಲವರದಕ್ಕೆ ಮೇಲೆ ಗಾಜಿನ ಚೂರು. ಸುತ್ತ ಗದ್ದೆ, ನಡುವೆ ನಾವು. ಒಂದು ಕಟ್ಟು ಕೊತ್ತಂಬರಿಗೂ ಆಟೋ ಕಾಯಬೇಕು. ಬಸಮ್ಮಜ್ಜಿ ಕಣ್ಣಿನ ಆಪರೇಷನ್‌ಗೆ ಇವತ್ತು ನಾಳೆ ಎನ್ನುತ್ತಾ, ಕರೆದೊಯ್ಯುವವರಿಲ್ಲದೆ ಪೂರ್ತಿ ಕುರುಡಾದಳು. ಹನುಮಕ್ಕನ ಸಣ್ಣ ಮಗಳು ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟಳು, ಸಂಜೆ ಬಸ್ಸು ತಪ್ಪಿದರೆ ಆ ರಸ್ತೆಯಲ್ಲಿ ಒಬ್ಬಳೇ ಬರಬೇಕೆಂದು. ಊರೊಳಗಿದ್ದ ರುದ್ರಪ್ಪನ ಗಿರಾಕಿಗಳು ಊರೊಳಗೇ ಉಳಿದರು. ಗಿರಣಿಯ ಜಾಗದಲ್ಲಿ ಜಾಲಿ ಬೆಳೆದಿದೆ. ನಿನಗೆ ಗೇಟಿನ ವ್ಯಾಪಾರ ಹೋಯಿತು, ಇಲ್ಲಿ ಯಾರಿಗೆ ಮಿರ್ಚಿ ಮಾರುತ್ತೀ? ಎರಡು ವರ್ಷ ತಡೆದು ಗಂಡನನ್ನು ಕರೆದುಕೊಂಡು ಹಂಪಿ ಹತ್ತಿರದ ಕಡ್ಡಿರಾಂಪುರಕ್ಕೆ ಹೋದೆ, ರಸ್ತೆ ಬದಿಯ ಖಾನಾವಳಿಯ ಅಡುಗೆ ಕೆಲಸಕ್ಕೆ. ಹೋಗುವಾಗ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ನಾನು ಆಶೀರ್ವಾದವನ್ನೂ ಮಾಡಿದೆ!

ನೀನು ಹೋದ ಮೇಲಾದರೂ ಹೊಟ್ಟೆಕಿಚ್ಚು ಆರಬೇಕಿತ್ತು. ಆರಲಿಲ್ಲ. ಒಂದು ದಿನ ಊಟಕ್ಕೆ ಕುಳಿತಾಗ ನನ್ನ ಯಜಮಾನರು ನಮ್ಮ ಅಡುಗೆಮನೆಯ ಕತ್ತಲೆ ನೋಡಿ, "ರೇಣುಕಾ ಬರೆದಿದ್ದ ಮನಿ ಚಲೋ ಇತ್ತು" ಅಂದರು. ನಾನು ಬಡಿಸುವುದನ್ನು ಅಲ್ಲಿಗೇ ನಿಲ್ಲಿಸಿದೆ.

ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ರುದ್ರಪ್ಪ ತೀರಿಕೊಂಡ. ಮೂರು ಗೇಟು ಆಚೆಗಿದ್ದ ದುರುಗಪ್ಪ ಅವನ ಮಣ್ಣಿಗೆ ಹೋಗಲಿಲ್ಲ. ಐದನೆಯ ದಿನ ನನ್ನ ಗೇಟಿಗೆ ಬಂದು ಹೊರಗೇ ನಿಂತ. ಒಳಗೆ ಬರ್ರಿ ಅಂದರೂ ಬರಲಿಲ್ಲ.

"ಒಂದ ಮಾತು ಕೇಳ್ತೀನ್ರಿ ಟೀಚರ್. ಸತ್ತವರ ಮ್ಯಾಲೆ ಸಿಟ್ಟು ಇಟ್ಕೋಬಾರ್ದಂತ. ಅವತ್ತು ಹಂಗ ಅಂದಾವ ರುದ್ರಪ್ಪನೇ ಹೌದಲ್ರಿ?"

"ಅಲ್ಲ" ಅಂದೆ.

"ಮತ್ಯಾರು?"

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮಾರನೆಯ ವಾರ ಹೊಸಪೇಟೆಗೆ ಹೋಗಿ ಅಲ್ಲಿಂದ ಹಂಪಿ ಬಸ್ಸು ಹತ್ತಿ ಕಡ್ಡಿರಾಂಪುರದಲ್ಲಿ ಇಳಿದೆ. ನಿನಗೆ ಮೊದಲು ಹೇಳಬೇಕೆಂದು. ರಸ್ತೆಯ ಆಚೆ ನೀನು ರೊಟ್ಟಿ ಬಡಿಯುತ್ತಿದ್ದೆ, ಸುತ್ತ ನಾಲ್ಕು ಹೆಂಗಸರು, ಏನೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಕೂದಲು ನರೆತಿದೆ ನಿನಗೆ. ನಾನು ನೋಡುತ್ತ ನಿಂತೆ — ಪಶ್ಚಾತ್ತಾಪ ಬರಬೇಕಾದ ಜಾಗದಲ್ಲಿ ಏನು ಬಂತು ಗೊತ್ತೇ? ಈಕೆಯ ಸುತ್ತ ಮತ್ತೆ ಜನ ಕೂಡಿದ್ದಾರಲ್ಲ ಎಂದು. ಮತ್ತದೇ ಉರಿ. ಎಲ್ಲ ಕಸಿದುಕೊಂಡ ಮೇಲೂ ಈಕೆಗಿರುವುದು ನನಗಿಲ್ಲವಲ್ಲ ಎಂದು. ರಸ್ತೆ ದಾಟದೆ ಮುಂದಿನ ಬಸ್ಸಿಗೆ ವಾಪಸ್ ಬಂದೆ. ಆವತ್ತೇ ಗೊತ್ತಾಯಿತು, ಈ ಕಿಚ್ಚು ಆರಲಿ, ಆಮೇಲೆ ಹೇಳುತ್ತೇನೆ ಎಂದು ಕುಳಿತರೆ ಸಾಯುವ ತನಕ ಹೇಳುವುದಿಲ್ಲ. ಅದನ್ನು ಒಳಗಿಟ್ಟುಕೊಂಡೇ ಹೇಳಬೇಕು.

ಯಜಮಾನರಿಗೆ ನಿನ್ನೆ ಹೇಳಿದೆ. ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು, ಊಟದ ಹೊತ್ತಿಗೂ ಬರಲಿಲ್ಲ.

ಇವತ್ತು ಬೆಳಿಗ್ಗೆ ದುರುಗಪ್ಪನ ಮನೆಗೆ ಹೋದೆ. ಅವನ ಹೆಂಡತಿ ಪಾತ್ರೆ ತಿಕ್ಕುತ್ತಿದ್ದವಳು ಕೈ ನಿಲ್ಲಿಸಿದಳು. ಅವತ್ತಿನ ಮಾತು ಯಾರದೂ ಅಲ್ಲ, ನಂದೇ ಎಂದು ಹೇಳಿದೆ. ಯಾಕೆ ಎಂಬುದನ್ನೂ ಹೇಳಿದೆ. ನನಗೆ ಬೈಯಲಿ, ಹೊಡೆಯಲಿ ಎಂದು ಕಾದೆ.

"ನನಗೇನೋ ಹೇಳಿದ್ರಿ ಟೀಚರ್" ಅಂದ. "ರುದ್ರಪ್ಪಗ ಯಾರ್ ಹೇಳ್ತಾರ?"

ರೇಣುಕಾ, ನೀನು ಕ್ಷಮಿಸಬೇಕೆಂದು ಇದನ್ನು ಬರೆದಿಲ್ಲ. ಭಾನುವಾರ ಬರುತ್ತೇನೆ, ಈ ಕಾಗದವನ್ನು ನಿನ್ನೆದುರಿಗೇ ಓದುತ್ತೇನೆ. ಕುಂದ್ರಿ ಅನ್ನಬೇಡ ನನಗೆ.

ಇವತ್ತು ದುರುಗಪ್ಪನ ಮನೆಯಿಂದ ಹೊರಬಿದ್ದವಳು ನೇರ ರುದ್ರಪ್ಪನ ಮನೆಗೆ ಹೋದೆ. ಅವನ ಹೆಂಡತಿ ಬಾಗಿಲು ತೆಗೆದಳು. ಗಿರಣಿಯ ಖೋಲಿಗಳ ದಿನಗಳಲ್ಲಿ ಅರ್ಜಿ ಬರೆಸಲು ಬರುತ್ತಿದ್ದ ಹೆಂಗಸು; ಈಗಲೂ ಅದೇ ಗೌರವದಿಂದ ಸೆರಗು ಸರಿ ಮಾಡಿಕೊಂಡು, "ಬರ್ರಿ ಟೀಚರ್" ಎಂದಳು. ನಾನು ಹೊಸಿಲಾಚೆಯೇ ನಿಂತು, ಅವತ್ತಿನ ಆ ಮಾತು ರುದ್ರಪ್ಪನದಲ್ಲ, ನನ್ನದೆಂದು ಹೇಳತೊಡಗಿದೆ.