ವಾರಕ್ಕೊಂದು ಮಾತ್ರೆ

ಆಸ್ಪತ್ರೆಯ ಔಷಧದ ಕಿಟಕಿಯ ಹಿಂದೆ ಅವಳು ಹದಿನೆಂಟು ವರ್ಷ ನಿಂತಿದ್ದಳು. ಅಲ್ಲೊಂದು ಕುರ್ಚಿ ಇತ್ತು, ಇಲ್ಲವೆಂದಲ್ಲ. ಅದರ ಮೇಲೆ ಕೂರುತ್ತಿದ್ದುದು ಅವಳ ಕೈಚೀಲ. ಇವಳು ಕಪಾಟಿನಿಂದ ಕಿಟಕಿಗೆ, ಕಿಟಕಿಯಿಂದ ಕಪಾಟಿಗೆ ಓಡಾಡುತ್ತ, ಚೀಟಿ ಹಿಡಿದು ಬಂದವರ ಮುಖವನ್ನು ಮೊದಲು ಓದಿ ಆಮೇಲೆ ಚೀಟಿ ಓದುತ್ತಿದ್ದಳು. "ಇದನ್ನ ನುಂಗಿ ಗಾಡಿ ಓಡಿಸಬೇಡಿ, ನಿದ್ದೆ ಎಳೆಯುತ್ತೆ," "ಇದು ಖಾಲಿ ಹೊಟ್ಟೆಗಲ್ಲ, ಏನಾದ್ರೂ ತಿಂದಮೇಲೆ," ಎಂದು ಒಬ್ಬೊಬ್ಬರಿಗೂ ಹೇಳಿ, ಅವರಿಂದ ಒಂದು ಸಲ ಹೇಳಿಸಿಯೂ ಬಿಡುತ್ತಿದ್ದಳು. ಜನ ಅವಳನ್ನು ಔಷಧದಕ್ಕ ಎಂದು ಕರೆಯುತ್ತಿದ್ದರು. ಹಿಂದೆ ಸಾಲು ಬೆಳೆದರೆ ಗೊಣಗುತ್ತಲೂ ಇದ್ದರು.

ಹೀಗಿರುವಾಗ ಅವಳ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮನೆಯಲ್ಲಿ ಯಾರಾದರೊಬ್ಬರು ಇರಲೇಬೇಕಾಯಿತು. ಗಂಡ ಶಾಲೆಯ ಬಸ್ಸಿನ ಚಾಲಕ. ಬೆಳಗಿನ ಸುತ್ತು, ಮಧ್ಯಾಹ್ನದ ಸುತ್ತು ಎರಡನ್ನೂ ಬಿಡುವಂತಿರಲಿಲ್ಲ. ಅದೇ ಹೊತ್ತಿಗೆ, ಸಣ್ಣ ಸಣ್ಣ ಊರುಗಳಲ್ಲಿ ಹದಿನಾಲ್ಕು ಔಷಧದ ಅಂಗಡಿಗಳಿದ್ದ ಒಂದು ಕಂಪನಿ ಮನೆಯಿಂದಲೇ ಕೆಲಸ ಮಾಡುವ ಫಾರ್ಮಸಿಸ್ಟರನ್ನು ಹುಡುಕುತ್ತಿತ್ತು. ಆ ಅಂಗಡಿಗಳಲ್ಲಿ ಇರುತ್ತಿದ್ದುದು ಸಹಾಯಕರು ಮಾತ್ರ. ಅವರು ಡಾಕ್ಟರರ ಚೀಟಿಯನ್ನು ಕ್ಯಾಮೆರಾದ ಕೆಳಗಿಡುತ್ತಾರೆ, ಪಕ್ಕದ ತಟ್ಟೆಯಲ್ಲಿ ಔಷಧ ಇಡುತ್ತಾರೆ. ಎಷ್ಟೋ ಮೈಲಿ ದೂರದ ಮನೆಯಲ್ಲಿ ಕೂತ ಇವಳು ಪರದೆಯ ಮೇಲೆ ಎರಡನ್ನೂ ತಾಳೆ ನೋಡಿ ಹಸಿರು ಗುಂಡಿ ಒತ್ತಬೇಕು. ಒತ್ತಿದರೆ ಅಲ್ಲಿ ಲೇಬಲ್ ಅಚ್ಚಾಗಿ ಔಷಧ ಗಿರಾಕಿಯ ಕೈ ಸೇರುತ್ತದೆ. ಅನುಮಾನವಿದ್ದರೆ ಕೆಂಪು ಗುಂಡಿ.

ಇಸ್ತ್ರಿ ಮೇಜು, ಹಳೆಯ ಹಾಸಿಗೆ ತುಂಬಿಟ್ಟಿದ್ದ ಕೋಣೆಯನ್ನು ಖಾಲಿ ಮಾಡಿ ಎರಡು ಪರದೆ ಕೂರಿಸಿದ್ದಾಯಿತು. ರೋಗಿಗಳ ವಿಷಯ ಯಾರ ಕಣ್ಣಿಗೂ ಬೀಳಬಾರದು, ಬಾಗಿಲು ಹಾಕಿಯೇ ಇರಬೇಕು ಎಂದು ಕಂಪನಿಯ ಕಟ್ಟಪ್ಪಣೆ. ಆಚೆ ಕೋಣೆಯ ಮಂಚದಿಂದ ಅತ್ತೆ ಕೇಳುತ್ತಿದ್ದರು: "ಬಾಗಿಲು ಹಾಕ್ಕೊಂಡು ಒಳಗೇನು ಕಳ್ಳನೋಟು ಅಚ್ಚು ಹಾಕ್ತೀಯೇನೇ?"

ಕೆಲಸ ಕಷ್ಟದ್ದಲ್ಲ. ಆದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹದಿನೆಂಟು ವರ್ಷ ನಿಂತ ಕಾಲುಗಳು ಮೇಜಿನ ಕೆಳಗೆ ಕುಣಿಯುತ್ತಿದ್ದವು. ನಾಲ್ಕು ಚೀಟಿಗೊಮ್ಮೆ ಎದ್ದು ಕಿಟಕಿಯವರೆಗೆ ಹೋಗಿ ಬರುವಳು. ಮುಖ ಒಂದೂ ಕಾಣುತ್ತಿರಲಿಲ್ಲ, ಕಾಣುತ್ತಿದ್ದುದು ಸಹಾಯಕರ ಕೈಗಳು ಮಾತ್ರ. ಉಗುರು ಕಚ್ಚಿಕೊಳ್ಳುವ ಕೈ, ಗಾಜಿನ ಬಳೆಯ ಕೈ, ಸದಾ ನಡುಗುವ ಕೈ. ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಗಾಯದ ಗುರುತಿದ್ದ ಅಗಲವಾದ ಒಂದು ಜೊತೆ ಕೈಗಳಿಗೆ ಅವಳು ಮನಸ್ಸಿನಲ್ಲೇ ಗಟ್ಟಿಗೈ ಎಂದು ಹೆಸರಿಟ್ಟಿದ್ದಳು. ದಪ್ಪ ಮೀಸೆಯ, ಐವತ್ತು ದಾಟಿದ ಗಂಡಸಿರಬೇಕು ಎಂದು ಅವಳ ಎಣಿಕೆ. ಪರದೆಯ ಮೂಲೆಯಲ್ಲಿ "ಇಟ್ಟಿದ್ದೀನಿ," "ಬದಲಾಯಿಸ್ತೀನಿ" ಎಂದು ಎರಡಕ್ಷರ ಬರೆಯುವುದು ಬಿಟ್ಟರೆ ಗಟ್ಟಿಗೈ ಜೊತೆ ಮಾತೇ ಆಗಿರಲಿಲ್ಲ.

ಏಳು ತಿಂಗಳು ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಮೇಲ್ವಿಚಾರಕ ಫೋನ್ ಮಾಡಿದ. ಇವಳಿಗಿಂತ ಹದಿನೈದು ವರ್ಷ ಚಿಕ್ಕವನು, ಮಾತು ಬಲು ನಯ.

"ಮೇಡಂ, ನಿಮ್ದು ಒಂದು ಚೀಟಿಗೆ ಸರಾಸರಿ ಎಪ್ಪತ್ತೊಂದು ಸೆಕೆಂಡ್ ಆಗ್ತಿದೆ. ಬೇರೆಯವರೆಲ್ಲ ಐವತ್ತರ ಒಳಗಿದ್ದಾರೆ. ಅಷ್ಟು ಹೊತ್ತು ಏನು ಮಾಡ್ತೀರಿ?"

"ಓದ್ತೀನಿ ಸರ್."

"ಎಲ್ಲರೂ ಓದ್ತಾರೆ ಮೇಡಂ."

ಆ ಮಾತು ಚುರುಕ್ಕೆಂದಿತು. ಅನುಭವ ಇರುವವಳೇ ಕೈ ನಿಧಾನ ಅನ್ನಿಸಿಕೊಳ್ಳಬೇಕೇ ಎಂಬ ಹಟ ಬಂತು. ಅಂದು ಅವಳು ಕಿಟಕಿಯ ಬಳಿಗೂ ಹೋಗಲಿಲ್ಲ. ಚೀಟಿಯ ಮೇಲೆ ಚೀಟಿ, ಹಸಿರಿನ ಮೇಲೆ ಹಸಿರು. ಹನ್ನೊಂದೂವರೆಯ ಹೊತ್ತಿಗೆ ಸರಾಸರಿ ನಲವತ್ತೆಂಟಕ್ಕೆ ಇಳಿದಿತ್ತು. ಇಳಿದದ್ದು ಕಂಡು ಖುಷಿಯಾಗಬೇಕಿತ್ತು, ಆಗಲಿಲ್ಲ. ಮನೆಗೆ ಬೀಗ ಹಾಕಿ ಬೀದಿಯ ತುದಿಗೆ ಬಂದಮೇಲೆ ಒಲೆ ಆರಿಸಿದೆನೋ ಇಲ್ಲವೋ ಎಂದು ಒಂದು ಕಸಿವಿಸಿ ಶುರುವಾಗುತ್ತದಲ್ಲ, ಹಾಗಾಯಿತು. ಏನೋ ತಪ್ಪಿದೆ. ಏನು ಅಂತ ಮಾತ್ರ ಗೊತ್ತಿಲ್ಲ.

ಮುಗಿಸಿದ ಚೀಟಿಗಳನ್ನು ಒಂದೊಂದಾಗಿ ಮತ್ತೆ ತೆರೆದಳು. ತೆರೆಯಲು ಕಾರಣ ಬರೆಯಿರಿ ಎಂದು ಪರದೆ ಕೇಳಿತು. "ಸಮಾಧಾನಕ್ಕೆ" ಎಂದು ಬರೆದಳು. ಹತ್ತೊಂಬತ್ತನೆಯದರಲ್ಲಿ, ಗಟ್ಟಿಗೈ ತಟ್ಟೆಗಿಟ್ಟಿದ್ದ ಚೀಟಿಯಲ್ಲಿ, ಅದು ಸಿಕ್ಕಿತು.

ಕೀಲುವಾತದ ರೋಗಿ, ಗಂಡಸು, ಅರವತ್ತೆಂಟು ವರ್ಷ. ನಾಲ್ಕು ಔಷಧಗಳಲ್ಲಿ ಮೂರನೆಯದು ಪುಟ್ಟ ಹಳದಿ ಮಾತ್ರೆ. ಅದನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ಚೀಟಿಯಲ್ಲಿ "ದಿನಕ್ಕೊಂದು" ಎಂದಿತ್ತು. ದಿನಾ ನುಂಗಿದರೆ ವಾರ ಹತ್ತು ದಿನದಲ್ಲಿ ಬಾಯಿಯೆಲ್ಲ ಹುಣ್ಣಾಗುತ್ತದೆ, ರಕ್ತ ಹುಟ್ಟುವುದೇ ಕಡಿಮೆಯಾಗುತ್ತದೆ, ಜೀವಕ್ಕೇ ಕುತ್ತು ಬರಬಹುದು. ಇದನ್ನು ಅವಳು ನಿದ್ದೆಗಣ್ಣಲ್ಲೂ ಹೇಳಬಲ್ಲವಳು. ಆದರೂ ಹಸಿರು ಒತ್ತಿದ್ದಳು, ಮೂವತ್ತೊಂಬತ್ತು ಸೆಕೆಂಡಿನಲ್ಲಿ.

ಡಾಕ್ಟರರ ಕ್ಲಿನಿಕ್ಕಿಗೆ ಫೋನ್ ಮಾಡಿದಳು. ಡಾಕ್ಟರೇ ಸಿಕ್ಕಿದರು. "ಛೆ, ವಾರಕ್ಕೊಂದೇ ಅದು. ಟೈಪ್ ಮಾಡೋವಾಗ ತಪ್ಪಿದೆ. ತಡೀರಿ ದಯವಿಟ್ಟು," ಎಂದರು. ತಡೆಯಲು ಅಂಗಡಿಗೆ ಫೋನ್ ಮಾಡಿದಳು. ಎತ್ತಿದ್ದು ಹೆಂಗಸಿನ ದನಿ.

"ಆ ಮಾತ್ರೆಗಳನ್ನ ತಟ್ಟೆಗಿಟ್ಟವರು ಯಾರು?"

"ನಾನೇ ಮೇಡಂ. ಇಲ್ಲಿ ನಾನೊಬ್ಬಳೇ ಇರೋದು."

ಗಟ್ಟಿಗೈಯ ದಪ್ಪ ಮೀಸೆ ಆ ಗಳಿಗೆಯಲ್ಲೇ ಉದುರಿಹೋಯಿತು. ಆದರೆ ಅಚ್ಚರಿಪಡಲು ಪುರುಸೊತ್ತಿರಲಿಲ್ಲ. ಔಷಧ ಕೊಟ್ಟು ಅರ್ಧ ಗಂಟೆಯಾಗಿತ್ತು, ಒಯ್ದದ್ದು ರೋಗಿಯ ತಂಗಿ. ಕಡತದಲ್ಲಿದ್ದ ಫೋನ್ ನಂಬರು ಸತ್ತುಹೋಗಿತ್ತು, ವಿಳಾಸದ ಜಾಗ ಖಾಲಿ.

"ಅವರು ದರ್ಜಿ ಮೇಡಂ. ಹಳೇ ಬಸ್ ನಿಲ್ದಾಣದ ಹಿಂದೆ ಎಲ್ಲೋ ಮನೆ. ಅಂಗಡಿ ಬಿಟ್ಟು ಈಗ ಹೋಗೋಕಾಗಲ್ಲ. ಸಂಜೆ ಮುಚ್ಚಿದ ಮೇಲೆ ಹುಡುಕ್ತೀನಿ."

ಮೇಲ್ವಿಚಾರಕ ಗಾಬರಿಪಡಲಿಲ್ಲ. "ವರದಿ ಬರೆದು ಹಾಕಿ ಮೇಡಂ, ಅಂಗಡಿಯವರು ನೋಡ್ಕೊಳ್ತಾರೆ. ಇವತ್ತು ಒಂದು ಮಾತ್ರೆ ನುಂಗಿದ್ರೆ ಏನೂ ಆಗಲ್ಲ ತಾನೇ?"

"ಇಲ್ಲ."

"ಹಾಗಾದ್ರೆ ಆಯ್ತಲ್ಲ. ಸಾಲಲ್ಲಿ ಇನ್ನೂ ಇಪ್ಪತ್ತಾರು ಚೀಟಿ ಕಾಯ್ತಿವೆ."

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಸಂಜೆಯವರೆಗೆ ಕಾಯಬಹುದಿತ್ತು. ತಲೆಗೆ ಅದು ಗೊತ್ತು, ಉಳಿದ ಮೈಗೆ ಗೊತ್ತಾಗಲೊಲ್ಲದು. ಸಂಜೆ ಮನೆ ಸಿಗದಿದ್ದರೆ? ನಾಳೆ ಅಂಗಡಿಗೆ ರಜೆ, ನಾಡಿದ್ದು ಮರೆತರೆ? ಮುಂದಿನ ಚೀಟಿಯನ್ನು ಮೂರು ಸಲ ಓದಿದಳು, ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಈ ಸ್ಥಿತಿಯಲ್ಲಿ ಹಸಿರು ಒತ್ತುವುದು ಇನ್ನೊಂದು ತಪ್ಪಿಗೆ ದಾರಿ ಎನ್ನಿಸಿ, ತನ್ನ ಸಾಲನ್ನು ಬೇರೆಯವರಿಗೆ ಕೊಡಿ ಎಂದು ಬರೆದು ಪರದೆ ಆರಿಸಿ ಹೊರಗೆ ಬಂದಳು.

ಬೆಳಗಿನ ಸುತ್ತು ಮುಗಿಸಿ ಬಂದಿದ್ದ ಗಂಡ ಚಾಪೆಯ ಮೇಲೆ ಅಡ್ಡಾಗಿದ್ದ.

"ರೀ, ಏಳಿ. ಗಾಡಿ ತೆಗೀರಿ."

"ಎಲ್ಲಿಗೆ?"

"ದಾರೀಲಿ ಹೇಳ್ತೀನಿ. ಮೂರು ಗಂಟೆಗೆ ನಿಮ್ಮನ್ನ ಶಾಲೆ ಹತ್ರ ಬಿಡೋ ಜವಾಬ್ದಾರಿ ನಂದು."

"ಗಾಡಿ ಓಡಿಸೋನು ನಾನು, ಬಿಡೋಳು ನೀನಾ," ಎನ್ನುತ್ತಲೇ ಅವನು ಅಂಗಿ ಹುಡುಕಿದ. ಅತ್ತೆಯನ್ನು ಒಂಟಿಯಾಗಿ ಬಿಡುವುದು ಹೇಗೆ ಎಂದು ಅವಳು ಬಾಗಿಲಲ್ಲಿ ತಡೆದು ನಿಂತಳು. ಅತ್ತೆ ಮಂಚದಿಂದಲೇ ಅಂದರು: "ಹೋಗಿ ಬಾರೇ. ಸೊಂಟ ಮುರಿದೋಳು ನಾನೆಲ್ಲಿಗೆ ಓಡಿಹೋಗ್ಲಿ? ಪಕ್ಕದ ಮನೆಯವಳಿಗೆ ಒಂದು ಮಾತು ಹೇಳಿ ಹೋಗು, ಸಾಕು."

ಗಂಟೆಯ ದಾರಿ. ಸ್ಕೂಟರಿನ ಹಿಂದೆ ಕೂತು ಅವಳು ಗಂಡನ ಬೆನ್ನಿಗೇ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿದ ಮೇಲೆ, "ಇನ್ನೂ ಸ್ವಲ್ಪ ಜೋರಾಗಿ," ಎಂದಳು. "ಇದಕ್ಕಿಂತ ಜೋರಾದ್ರೆ ನಮಗೇ ಮಾತ್ರೆ ಬೇಕಾಗುತ್ತೆ," ಎಂದು ಅವನು ಅದೇ ವೇಗದಲ್ಲಿ ಹೋದ. ಅವನ ನಿಧಾನಕ್ಕೆ ಅವಳಿಗೆ ಅಳು ಬರುವಂತಾಯಿತು.

ಹಳೇ ಬಸ್ ನಿಲ್ದಾಣದ ಹಿಂದೆ ಮೂರು ಓಣಿಗಳಿದ್ದವು. ಮೊದಲನೆಯದರಲ್ಲಿ ಸಿಕ್ಕ ದರ್ಜಿಗೆ ಮೂವತ್ತು ವರ್ಷವೂ ಆಗಿರಲಿಲ್ಲ. "ಕೀಲುನೋವಾ? ನಂಗ್ಯಾಕೆ ಬರುತ್ತೆ," ಎಂದು ಅವನು ಹುಬ್ಬು ಗಂಟಿಕ್ಕಿದ. ಎರಡನೆಯದರಲ್ಲಿ ಯಾರೂ ಇರಲಿಲ್ಲ. ಮೂರನೆಯದರಲ್ಲಿ ಟೈರಿಗೆ ಪಂಕ್ಚರ್ ಹಾಕುತ್ತಿದ್ದವನು ತಲೆಯೆತ್ತದೆ ಕೈಲಿದ್ದ ಸ್ಪ್ಯಾನರಿನಿಂದಲೇ ಬಣ್ಣದ ಅಂಗಡಿಯ ಮೇಲಿನ ಮನೆ ತೋರಿಸಿದ.

ಬಾಗಿಲು ತೆರೆದದ್ದು ತಂಗಿ. ಅರ್ಧವೇ ತೆರೆದಳು. "ಔಷಧದ ಅಂಗಡಿಯಿಂದ," ಎಂದ ಮೇಲೆ ಇನ್ನರ್ಧ ತೆರೆಯಿತು. ಒಳಗೆ ದರ್ಜಿ ಉದ್ದನೆಯ ಮೇಜಿನ ಮುಂದೆ ನಿಂತು ಬಟ್ಟೆ ಕತ್ತರಿಸುತ್ತಿದ್ದ. ಬೆರಳಿನ ಗೆಣ್ಣುಗಳು ಊದಿಕೊಂಡಿದ್ದವು. ಕತ್ತರಿಯ ಹಿಡಿಗೆ ಚಿಂದಿ ಸುತ್ತಿಕೊಂಡಿದ್ದ. ಕಪಾಟಿನ ಮೇಲೆ ದಿನಕ್ಕೊಂದರಂತೆ ಏಳು ಮನೆಗಳ ಮಾತ್ರೆ ಡಬ್ಬಿ. ಒಂದೊಂದು ಮನೆಯಲ್ಲೂ ಒಂದೊಂದು ಹಳದಿ ಮಾತ್ರೆ ಆಗಲೇ ಕೂತಿತ್ತು.

"ಇವತ್ತಿಂದು ತಗೊಂಡ್ರಾ?"

"ಊಟ ಆದಮೇಲೆ ಅಂತ ಬರೆದಿದ್ದಾರಲ್ಲ. ಇನ್ನೇನು ಊಟಕ್ಕೆ ಏಳ್ಬೇಕು," ಎಂದ ದರ್ಜಿ.

ಅವಳು ಡಬ್ಬಿಯನ್ನು ಕಪಾಟಿನಿಂದ ಇಳಿಸಿಕೊಂಡಳು. ಆಮೇಲೆ ಇದ್ದದ್ದನ್ನು ಇದ್ದಹಾಗೆ ಹೇಳಿದಳು. "ಇದು ವಾರಕ್ಕೊಂದು ಮಾತ್ರೆ. ದಿನಕ್ಕೊಂದು ಅಂತ ಬರೆದಿದ್ದು ತಪ್ಪು. ಆ ತಪ್ಪನ್ನ ಹಿಡೀಬೇಕಾದವಳು ನಾನು. ಹಿಡೀಲಿಲ್ಲ."

ತಂಗಿಯ ಮುಖ ಕೆಂಪೇರಿತು. "ಬರೆದೋರು ಡಾಕ್ಟರು, ಹೂಂ ಅಂದೋರು ನೀವು, ಡಬ್ಬಿಗೆ ತುಂಬಿದ್ದು ನನ್ನ ಕೈ. ನಾಳೆ ಏನಾದ್ರೂ ಆಗಿದ್ರೆ ಊರೆಲ್ಲ ಯಾರನ್ನ ಅಂತಿತ್ತು?"

ಔಷಧದಕ್ಕ ತಲೆ ತಗ್ಗಿಸಿ ಡಬ್ಬಿಯಿಂದ ಹಳದಿ ಮಾತ್ರೆಗಳನ್ನು ಒಂದೊಂದಾಗಿ ತೆಗೆದಳು. ಹೊರಡುವ ಮುನ್ನ ಹಳೆಯ ಅಭ್ಯಾಸದಂತೆ, "ಬೇರೆ ಕಡೆಯಿಂದ ತಂದ ಔಷಧ ಏನಾದ್ರೂ ಇದೆಯಾ?" ಎಂದು ಕೇಳಿದಳು. ಪರದೆಯ ಮುಂದೆ ಏಳು ತಿಂಗಳಲ್ಲಿ ಒಮ್ಮೆಯೂ ಕೇಳಲಾಗದ ಪ್ರಶ್ನೆ ಅದು.

ದರ್ಜಿ ಸಂಕೋಚದಿಂದ ಹೊಲಿಗೆಯಂತ್ರದ ಡ್ರಾಯರ್ ಎಳೆದ. ಗುಂಡಿ, ದಾರದ ಉಂಡೆಗಳ ನಡುವೆ ಅರ್ಧ ಖಾಲಿಯಾದ ಮಾತ್ರೆಗಳ ಒಂದು ಪಟ್ಟಿ. ಉರಿಮೂತ್ರಕ್ಕೆ ಎಂದು ಬೇರೆ ಯಾವುದೋ ಅಂಗಡಿಯಿಂದ ತಂದದ್ದು. ತಂಗಿಗೂ ಹೇಳಿರಲಿಲ್ಲ. ಔಷಧದಕ್ಕ ಪಟ್ಟಿಯ ಬೆನ್ನು ತಿರುಗಿಸಿ ಎರಡು ಸಲ ಓದಿದಳು. ಆ ಔಷಧ ಹೊಟ್ಟೆಯಲ್ಲಿರುವಾಗ ಹಳದಿ ಮಾತ್ರೆ ವಾರಕ್ಕೊಂದಾದರೂ ಅಪಾಯವೇ. ಒಂದರ ವಿಷವನ್ನು ಇನ್ನೊಂದು ಹೆಚ್ಚಿಸುತ್ತದೆ. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು. ಎರಡನ್ನೂ ನಿಲ್ಲಿಸಿ, ನಾಳೆ ಬೆಳಿಗ್ಗೆ ರಕ್ತ ಪರೀಕ್ಷೆಗೆ ಬರಲಿ, ಉರಿಗೆ ಬೇರೆ ಔಷಧ ಕೊಡುತ್ತೇನೆ ಎಂದರು.

ತಂಗಿ ಈಗ ಅಣ್ಣನ ಕಡೆ ತಿರುಗಿದ್ದಳು. "ಡ್ರಾಯರಲ್ಲಿ ಇನ್ನೇನೇನು ಬಚ್ಚಿಟ್ಟಿದ್ದೀಯಾ ನೋಡೋಣ," ಎಂದು ಅವಳು ಡ್ರಾಯರನ್ನೇ ಮೇಜಿನ ಮೇಲೆ ಬೋರಲು ಹಾಕಿದಳು. ದರ್ಜಿ ಬಗ್ಗಿ ಉರುಳಿಹೋದ ಗುಂಡಿಗಳನ್ನು ಹೆಕ್ಕುತ್ತ ಔಷಧದಕ್ಕನನ್ನು ಕೇಳಿದ: "ಅಂಗಡೀಲಿ ನಿಮ್ಮನ್ನ ನೋಡೇ ಇಲ್ಲವಲ್ಲ. ಎಲ್ಲಿ ಕೂರ್ತೀರಿ ನೀವು?"

"ನಮ್ಮನೇಲಿ."

"ಮನೇಲಿ ಕೂತು ನಮ್ಮ ಔಷಧ ನೋಡ್ತೀರಾ," ಎಂದು ಅವನು ಗಂಡನ ಮುಖ ನೋಡಿದ, ನಿಜವೋ ತಮಾಷೆಯೋ ಎಂಬಂತೆ. ಗಂಡ ಗಡಿಯಾರ ನೋಡುತ್ತಿದ್ದ.

ಮೂರಕ್ಕೆ ಐದು ನಿಮಿಷ ಇರುವಾಗ ಶಾಲೆ ಮುಟ್ಟಿದರು.

ಮೂರನೆಯ ದಿನ ಕಂಪನಿಯವರು ಪರದೆಯ ಮೇಲೆ ವಿಚಾರಣೆ ನಡೆಸಿದರು. ಏಳು ತಿಂಗಳಲ್ಲಿ ಅವಳು ಆ ಪರದೆಯ ಮೇಲೆ ಕಂಡ ಮೊದಲ ಮುಖಗಳು ಅವು, ಒಟ್ಟು ಮೂರು. ತಪ್ಪು ಚೀಟಿಗೆ ಹಸಿರು ಒತ್ತಿದ್ದು ಒಂದು, ಅನುಮತಿಯಿಲ್ಲದೆ ಕೆಲಸ ಬಿಟ್ಟು ಹೋದದ್ದು ಎರಡು, ರೋಗಿಯ ಮನೆಗೆ ಹೋದದ್ದು ಮೂರು. ಮೊದಲನೆಯದನ್ನು ಅವಳು ಒಪ್ಪಿದಳು. ಉಳಿದೆರಡಕ್ಕೆ, "ಮತ್ತೆ ಹೀಗಾದ್ರೆ ಮತ್ತೆ ಹೋಗ್ತೀನಿ," ಎಂದಳು. ಎಚ್ಚರಿಕೆ ಪತ್ರ ಬಂತು, ಹದಿನೈದು ದಿನ ಕೆಲಸದಿಂದ ದೂರವಿಟ್ಟರು. ಆ ಹದಿನೈದು ದಿನ ಅವಳು ಕೈಗೆ ಸಿಕ್ಕಿದ್ದನ್ನೆಲ್ಲ ಉಜ್ಜಿದಳು, ತೊಳೆದಳು. ಅತ್ತೆಯನ್ನು ಹಿಡಿದು ದಿನಕ್ಕೆ ನಾಲ್ಕು ಸಲ ನಡೆಸಿದಳು. "ನನ್ನ ಸೊಂಟ ವಾಸಿಯಾಗ್ತಿರೋದು ನಿನ್ನ ಕಾಟಕ್ಕೆ," ಎಂದರು ಅತ್ತೆ.

ಮರಳಿ ಕೂತಾಗ ಒಂದು ಬದಲಾವಣೆ ಕಂಡಳು. ಆ ಹಳದಿ ಮಾತ್ರೆ ಬಂದರೆ ಈಗ ಹಸಿರು ಗುಂಡಿ ಒತ್ತುವ ಮೊದಲು "ವಾರಕ್ಕೊಂದೇ?" ಎಂದು ಪರದೆ ಕೇಳುತ್ತಿತ್ತು. ಯಾರಿಂದ ಅದು ಬಂತೆಂದು ಯಾರೂ ಹೇಳಲಿಲ್ಲ. ಅವಳ ಸರಾಸರಿ ಎಂಬತ್ತಕ್ಕೆ ಏರಿತು. ಮೇಲ್ವಿಚಾರಕ ಫೋನ್ ಮಾಡಿದ, ನಯವಾಗಿಯೇ. ಅವಳು ಅವನಿಗೊಂದು ಅರ್ಜಿ ಕಳಿಸಿದಳು: ಅತ್ತೆ ಈಗ ಕೋಲು ಹಿಡಿದು ನಡೆಯುತ್ತಾರೆ, ದರ್ಜಿಯ ಊರಿನ ಅಂಗಡಿಯಲ್ಲಿ ತನ್ನನ್ನು ನಿಲ್ಲಿಸಿ. ಅಲ್ಲಿ ಫಾರ್ಮಸಿಸ್ಟರ ಅಗತ್ಯವಿಲ್ಲ ಎಂದು ಉತ್ತರ ಬಂತು. ಯಾಕಿಲ್ಲ ಎಂದು ಕೇಳಿ ಇನ್ನೊಂದು ಬರೆದಳು. ಮೂರನೆಯದನ್ನೂ ಬರೆದಳು. ಎರಡು ತಿಂಗಳ ಜಗ್ಗಾಟದ ನಂತರ ವಾರದಲ್ಲಿ ಒಂದು ದಿನ, ಮಂಗಳವಾರ, ಕೊಟ್ಟರು.

ಈಗ ಮಂಗಳವಾರಗಳಲ್ಲಿ ಅವಳು ಬೆಳಗಿನ ಮೊದಲ ಬಸ್ಸು ಹಿಡಿಯುತ್ತಾಳೆ. ಕಿಟಕಿಯ ಮುಂದೆ ಸಾಲು ಬೆಳೆಯುತ್ತದೆ, ಜನ ಗೊಣಗುತ್ತಾರೆ. ಸಹಾಯಕಿ ಪಕ್ಕದಲ್ಲಿ ನಿಂತು, "ಮೇಡಂ, ಇಷ್ಟು ಮಾತಾಡಿದ್ರೆ ಸಂಜೆ ಆಗುತ್ತೆ," ಎಂದು ಪಿಸುಗುಡುತ್ತಾಳೆ. ಆಗಲಿ ಎನ್ನುತ್ತಾಳೆ ಇವಳು. ಬುಧವಾರ ಬೆಳಿಗ್ಗೆ ಮತ್ತೆ ಕೋಣೆಯ ಬಾಗಿಲು ಹಾಕಿಕೊಂಡರೆ ಅದೇ ಚಡಪಡಿಕೆ. ಹದಿನಾಲ್ಕು ಅಂಗಡಿಗಳ ಚೀಟಿಗಳು ಒಂದರ ಹಿಂದೊಂದು ಬರುತ್ತವೆ, ಆ ಮನೆಗಳ ಡ್ರಾಯರುಗಳಲ್ಲಿ ಏನೇನಿದೆಯೋ ಎಂದು ಅವಳು ಗುಂಡಿಯ ಮೇಲೆ ಬೆರಳಿಟ್ಟು ಯೋಚಿಸುತ್ತಾಳೆ. ನಾಲ್ಕನೆಯ ಅರ್ಜಿ ಬರೆದು ಕಳಿಸಿದ್ದಾಳೆ, ಈ ಸಲ ಗುರುವಾರಕ್ಕಾಗಿ. ಉತ್ತರ ಇನ್ನೂ ಬಂದಿಲ್ಲ.