ಹೆರಿಗೆ ಮನೆಗೆ ಸೈಕಲಿನಲ್ಲಿ ಮಟಿಲ್ಡಾ ಬಾಯಿ

ಫಳ್ನೀರಿನ ರಸ್ತೆಗೆ ಇನ್ನೂ ಬೆಳಕು ಇಳಿದಿಲ್ಲ. ಹೆರಿಗೆ ಮಾಡಿಸುವ ನರ್ಸ್ ಮಟಿಲ್ಡಾ ಬಾಯಿ ತಮ್ಮ ಚೀಲವನ್ನು ಸೈಕಲಿಗೆ ಸಿಕ್ಕಿಸಿ, ಸೀಟನ್ನು ಶತ್ರುವಿನಂತೆ ದಿಟ್ಟಿಸುತ್ತಾರೆ. ಪಡೀಲಿನ ಸಫಿಯಾಳಿಗೆ ನೋವು ಶುರುವಾಗಿದೆಯೆಂದು ಈಗಷ್ಟೇ ಹೇಳಿಕಳುಹಿಸಿದ್ದಾರೆ. ಹೋದ ವರ್ಷ ಅದೇ ಮನೆಗೆ ಇವರು ನಡೆದು ಹೋಗಿದ್ದರು. ತಲುಪುವಷ್ಟರಲ್ಲಿ ಮಗು ಉಳಿದಿರಲಿಲ್ಲ. ಆ ಸಂಕಟಕ್ಕೇ ನಲವತ್ತು ದಾಟಿದ ಮೇಲೆ ಸೈಕಲ್ ಕಲಿತದ್ದು. ಸಾವಿರದ ಒಂಬೈನೂರ ಐವತ್ತೊಂಬತ್ತರ ಈ ಮಂಗಳೂರಿನಲ್ಲಿ ಹೆಂಗಸು ಸೈಕಲ್ ಹತ್ತಿದರೆ ಜನ ಕೆಲಸ ಬಿಟ್ಟು ನೋಡುತ್ತಾರೆ.

"ಬಿದ್ದು ಕಾಲು ಮುರಿದಿದ್ದರೆ ಒಳ್ಳೆದಿತ್ತು ಮಾರಾಯ್ರೆ, ನಾಲ್ಕು ಜನಕ್ಕೆ ತೋರಿಸ್ಬಹುದಿತ್ತು," ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ. ಕಲಿತು ತಿಂಗಳಾಗಿಲ್ಲ, ಕೂರುವ ಜಾಗದ ಚರ್ಮವೇ ಕಿತ್ತುಹೋಗಿದೆ. ಬಾಯಲ್ಲಿ ಬಿಸಿ ತುಪ್ಪ: ಉಗುಳುವಂತಿಲ್ಲ, ನುಂಗುವಂತಿಲ್ಲ.

ಹಾಗಾಗಿ ತಾವೇ ಒಂದು ಮದ್ದು ಕಂಡುಕೊಂಡಿದ್ದಾರೆ. ಬಾಣಂತಿಯರ ಹೊಟ್ಟೆಗೆ ಬಿಗಿಯುವ ಉದ್ದನೆಯ ಬಟ್ಟೆಯನ್ನು ಸೀಟಿಗೆ ಸುತ್ತಿದ್ದಾರೆ. ಮೆತ್ತಗಾದರೆ ನೋವಿಲ್ಲ ಎಂಬ ಲೆಕ್ಕ. ಆದರೆ ಬಟ್ಟೆ ಬೆವರಿಗೆ ಒದ್ದೆಯಾಗಿ, ಸುಕ್ಕುಗಟ್ಟಿ, ಪೆಡಲ್ ತುಳಿದಾಗಲೆಲ್ಲ ಗಾಯವನ್ನೇ ಉಜ್ಜುತ್ತದೆ. ಏರಿನಲ್ಲಿ ಅದರ ತುದಿ ಬಿಚ್ಚಿಕೊಂಡು ಚಕ್ರಕ್ಕೆ ಸಿಕ್ಕಿ, ಸೈಕಲ್ ಮಗುಚುತ್ತದೆ. ಇನ್ನು ನಡೆದುಬಿಡಲೇ? ಮಗು ಅಳದ ಆ ಮನೆ ನೆನಪಾಗುತ್ತದೆ. ಬಟ್ಟೆಯನ್ನು ಕಿತ್ತೆಸೆದು, ಹಲ್ಲು ಕಚ್ಚಿ ಬರಿಯ ಸೀಟಿನ ಮೇಲೆ ಕೂರುತ್ತಾರೆ.

ಪಡೀಲು ತಲುಪಿದಾಗ ಮಗುವಿನ ಕಾಲು ಮೊದಲು ಕಾಣಿಸಿಕೊಂಡಿದೆ. ಸಫಿಯಾ ಕಿರುಚುವುದನ್ನೂ ನಿಲ್ಲಿಸಿದ್ದಾಳೆ. ಮಟಿಲ್ಡಾ ಬಾಯಿ ಮೊಣಕಾಲೂರಿ, ಅವಸರ ಮಾಡದೆ, ಕೈಯಲ್ಲಿ ಮಗುವಿನ ಮೈಯನ್ನು ಆಧರಿಸಿಕೊಂಡು ಕಾಯುತ್ತಾರೆ. ಕೊನೆಗೊಮ್ಮೆ ಅಳು ಕೇಳಿಸುತ್ತದೆ. ಹೊರಗಿದ್ದ ಸಫಿಯಾಳ ಗಂಡ ಹಾಶಿಂ ಬಾಗಿಲಿಗೆ ಓಡಿಬರುತ್ತಾನೆ.

ಅವನ ತಾಯಿ ಹಬೀಬಾ ಚಾ ತಂದು ಮಣೆ ಹಾಕುತ್ತಾರೆ. ನರ್ಸಮ್ಮ ನಿಂತೇ ಕುಡಿಯುತ್ತಾರೆ.

"ಎಂತ ಬಾಯಮ್ಮ, ಕೂರುದಿಲ್ವಾ? ನಡೆಯುವುದೂ ಒಂಥರಾ ಉಂಟು."

"ಎಂತದ್ದೂ ಇಲ್ಲ."

"ಸೊಸೆಗೆ ನಾಚಿಕೆ ಬಿಡು ಅಂತ ಬೈದವರು ನೀವೇ ಅಲ್ವಾ?"

ಮಟಿಲ್ಡಾ ಬಾಯಿ ಮೆಲ್ಲಗೆ ಗಾಯದ ವಿಷಯ ಹೇಳುತ್ತಾರೆ. ಹಬೀಬಾ ಬಾಗಿಲು ಹಾಕಿ ತೆಂಗಿನೆಣ್ಣೆ ತರುತ್ತಾರೆ. ಸೀಟು ಎತ್ತರವಾಗಿಯೇ ಉಜ್ಜುತ್ತಿದೆಯೆಂದು ಊಹಿಸಿ, ಗಾಯದ ಸುದ್ದಿ ಎತ್ತದೆ ಒಳಗಿನಿಂದಲೇ ಮಗನಿಗೆ ಕೂಗಿ ಹೇಳುತ್ತಾರೆ: "ಹಾಶಿಂ, ಬಾಯಮ್ಮನಿಗೆ ಕಾಲು ಎಟುಕುದಿಲ್ಲ, ಸೀಟು ಸ್ವಲ್ಪ ಇಳಿಸು!"

ಎರಡು ದಿನ ಸೈಕಲ್ ಮುಟ್ಟಬೇಡಿ ಎಂಬುದು ಹಬೀಬಾರ ಅಪ್ಪಣೆ. ಮಟಿಲ್ಡಾ ಬಾಯಿ ಆಗಲೇ ಹ್ಯಾಂಡಲ್ ಹಿಡಿದಿದ್ದಾರೆ, ಕದ್ರಿಯಲ್ಲಿ ಇನ್ನೊಬ್ಬಳಿಗೆ ದಿನ ತುಂಬಿದೆ.

"ಈ ನೋವು ಎಣ್ಣೆ ಹಚ್ಚಿದ್ರೆ ಹೋಗ್ತದೆ," ಎನ್ನುತ್ತಾರೆ. "ಹೋದ ವರ್ಷದ್ದಕ್ಕೆ ಮದ್ದೇ ಇರ್ಲಿಲ್ಲ. ಇವತ್ತು ಆ ಕೂಸು ಅತ್ತಾಗ ಸ್ವಲ್ಪ ಇಳೀತು."