ಕೂದಲು ಕತ್ತರಿಸಿ ಕಟ್ಟಿದ ಸಂಘ

ನಮ್ಮ ಪಲ್ಕಾಬಾಂಬಾದ ವರ್ತಕರ ಸಂಘ ಹುಟ್ಟಿದ್ದೇ ಜಗಳದಿಂದ. ಚೌಕದ ಸುತ್ತಲಿನ ಅಂಗಡಿಯವರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಕಬ್ಬಿಣದಂಗಡಿಯ ಫೋರ್ತುನಾತೊ ತನ್ನ ತಳ್ಳುಗಾಡಿಗಳನ್ನು ಬ್ರೆಡ್ಡಿನಂಗಡಿಯ ಬಾಗಿಲಿಗೆ ಅಡ್ಡ ನಿಲ್ಲಿಸುತ್ತಿದ್ದ. ಬ್ರೆಡ್ಡಿನವನು ಒಲೆಯ ಬೂದಿ ತಂದು ಅವುಗಳ ಮೇಲೆ ಸುರಿಯುತ್ತಿದ್ದ. ಲಾರಿಯವರು ಕೇಳಿದಷ್ಟು ಬಾಡಿಗೆ, ನಗರಸಭೆ ಹೇಳಿದಷ್ಟು ತೆರಿಗೆ. ನಮಗೆ ಮಾತ್ರ ನಮ್ಮ ನಮ್ಮ ಜಗಳವೇ ದೊಡ್ಡದು.

ಸಂಘ ಕಟ್ಟೋಣ ಎಂದವರು ನಾವೆಲ್ಲ ಗೌರವದಿಂದ ದೋನ್ಯಾ ಎನ್ನುವ ಹೆರ್ಮೆಲಿಂದಾ. ನನ್ನ ಟೋಪಿ ಅಂಗಡಿಯ ಪಕ್ಕದಲ್ಲಿ ದಾರ, ಗುಂಡಿ, ಲೇಸು ಮಾರುತ್ತಿದ್ದ ಕುಳ್ಳಗಿನ ಹೆಂಗಸು. ಮೊದಲ ಸಭೆಯಲ್ಲಿ ಕುರ್ಚಿಗಳು ಹಾರಿದವು. ಎರಡನೆಯದಕ್ಕೆ ಅರ್ಧ ಜನ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೈ ತೊಳೆದುಕೊಳ್ಳುತ್ತಿದ್ದರು.

ಅದೇ ವರ್ಷ ಅವರ ಹಿರಿಯ ಮಗನ ಮೊದಲ ಕೂದಲು ತೆಗೆಸಬೇಕಿತ್ತು. ನಮ್ಮಲ್ಲಿ ಮಗುವಿನ ಮೊದಲ ಜಡೆ ಕತ್ತರಿಸಿದವನು ಅದಕ್ಕೆ ಧರ್ಮತಂದೆ, ತಾಯಿತಂದೆಗಳಿಗೆ ಕೊಂಪಾದ್ರೆ; ಅವನಿಗೆ ಆ ತಂದೆಯೂ ಕೊಂಪಾದ್ರೆ, ತಾಯಿ ಕೊಮಾದ್ರೆ. ಬೀಗರಿಗೆ ಕೊಡುವ ಮರ್ಯಾದೆಯೂ ಅದರ ಮುಂದೆ ಕಡಿಮೆಯೇ. ಇಬ್ಬರೂ ಒಬ್ಬರ ಮುಂದೆ ಒಬ್ಬರು ದನಿ ಏರಿಸುವಂತಿಲ್ಲ, ಮುಖಕ್ಕೆ ಇಲ್ಲ ಎನ್ನುವಂತಿಲ್ಲ. ಹೆರ್ಮೆಲಿಂದಾ ತಟ್ಟೆಯಲ್ಲಿ ಬ್ರೆಡ್ಡು, ಹಣ್ಣು, ಹುರಿದ ಗಿನಿಹಂದಿ ಇಟ್ಟುಕೊಂಡು ನೇರ ಫೋರ್ತುನಾತೊ ಮನೆಗೇ ಹೋದರು. ತಟ್ಟೆ ಮುಟ್ಟಿದರೆ ಒಪ್ಪಿದ ಹಾಗೆ. ಅವನು ಮುಟ್ಟಿದ. ಮುಂದಿನ ಸಭೆಯಲ್ಲಿ ನೋಡುತ್ತೇವೆ, ಬೆಕ್ಕಿನ ಮರಿಯ ಹಾಗೆ ಕೂತಿದ್ದಾನೆ.

ದಾರಿ ಸಿಕ್ಕಿಬಿಟ್ಟಿತು. ಎರಡನೆಯ ಮಗುವಿನ ಕೂದಲಿಗೆ ಬ್ರೆಡ್ಡಿನವನು, ಮೂರನೆಯದಕ್ಕೆ ಔಷಧಿ ಅಂಗಡಿಯವನು. ಸಂಘ ಬಿಡುತ್ತೇನೆ ಎಂದು ಯಾರು ಗೊಣಗಿದರೂ ಮಾರನೆಯ ದಿನ ಅವರ ಬಾಗಿಲಲ್ಲಿ ಹೆರ್ಮೆಲಿಂದಾರ ತಟ್ಟೆ. ಗಂಡ ಸತುರ್ನೀನೊ ಎಲ್ಲರೆದುರೇ ಕೇಳಿದ್ದ: "ನೀನು ಹೆರ್ತಾ ಇರೋದು ಮಕ್ಕಳನ್ನೋ, ಸದಸ್ಯರನ್ನೋ?" ಐದು ಮಕ್ಕಳೂ ಸಾಲದೆ ಬಂದಾಗ ತಮ್ಮ ಹೊಸ ಮನೆಯ ಮಾಡಿನ ಮೇಲೆ ಶಿಲುಬೆ ನಿಲ್ಲಿಸಲು ನನ್ನನ್ನು ಕರೆದರು; ಅದನ್ನು ನಿಲ್ಲಿಸಿದವನಿಗೂ ಅದೇ ನಂಟು, ನಾನೂ ಕೊಂಪಾದ್ರೆಯಾದೆ. ಆಮೇಲೆ ನಮ್ಮ ಮಕ್ಕಳ ಕೂದಲಿಗೂ ಒಬ್ಬರು ಇನ್ನೊಬ್ಬರನ್ನು ಕರೆಯುವಂತೆ ಮಾಡಿ ನಮ್ಮನಮ್ಮಲ್ಲೇ ಕೊಂಪಾದ್ರೆಯ ಗಂಟು ಹಾಕಿಸಿದರು. ಒಂದೇ ಲಾರಿಯಲ್ಲಿ ಎಲ್ಲರ ಸರಕು ಬರತೊಡಗಿತು, ಚೌಕಕ್ಕೆ ದೀಪ ಬಂತು. ಸುತ್ತಲಿನ ಊರುಗಳಲ್ಲಿ ಸಂಘಗಳು ಹುಟ್ಟಿದವು, ಸತ್ತವು. ನಮ್ಮದು ಉಳಿಯಿತು. ಅದು ಅವರ ಆರನೆಯ ಮಗು ಎಂದೇ ನಾವು ರೇಗಿಸುತ್ತಿದ್ದೆವು.

ಹೋದ ವರ್ಷ ಕರಾವಳಿಯ ದೊಡ್ಡ ಸೂಪರ್ ಮಾರ್ಕೆಟ್ ಕಂಪನಿಯವರು ಬಂದರು. ಅವರಿಗೆ ಬೇಕಾದಷ್ಟು ಜಾಗ ಚೌಕದಲ್ಲಿ ಇದ್ದದ್ದು ಒಂದೇ, ಫೋರ್ತುನಾತೊನ ಗೋದಾಮು. ಹೊರಗಿನವರಿಗೆ ಜಾಗ ಕೊಡಲು ಸಭೆಯ ಒಪ್ಪಿಗೆ ಬೇಕೆಂದು ಸಂಘದ ಕಟ್ಟಳೆ. ಮುಂದಿನ ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಸಭೆ ಎಂದು ಹೆರ್ಮೆಲಿಂದಾ ಸಾರಿದರು. ಆ ವಾರವೆಲ್ಲ ಪ್ರತಿ ಅಂಗಡಿಯಲ್ಲೂ ಒಂದೇ ಮಾತು, ಬೇಡ. ಮೊದಲು ನನ್ನ ಗುಂಡಿ ಹೋಗುತ್ತದೆ, ಆಮೇಲೆ ನಿಮ್ಮ ಟೋಪಿ, ಈ ದಿನಕ್ಕೆಂದೇ ಅಲ್ಲವೇ ಸಂಘ ಕಟ್ಟಿದ್ದು ಎಂದು ಹೆರ್ಮೆಲಿಂದಾ ನನಗೆ ಹೇಳಿದ್ದರು.

ಶನಿವಾರ ಮಧ್ಯಾಹ್ನ ಫೋರ್ತುನಾತೊ ತಟ್ಟೆ ಹಿಡಿದು ನನ್ನ ಅಂಗಡಿಗೆ ಬಂದ. ಅವನು ಹೋದ ಮೇಲೆ ನಾನು ಹಿಂಬಾಗಿಲಿನಿಂದ ಹೆರ್ಮೆಲಿಂದಾರ ಬಳಿಗೆ ಓಡಿದೆ.

"ತಗೊಂಡ್ರಾ ಕೊಂಪಾದ್ರೆ?" ಎಂದರು.

"ಇನ್ನೇನ್ ಮಾಡ್ಲಿ ಕೊಮಾದ್ರೆ?"

ಬೈಯಲು ಬಾಯಿ ತೆರೆದರು. ನಾನೂ ಕೊಂಪಾದ್ರೆಯೇ ಅಲ್ಲವೇ, ಮುಚ್ಚಿಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ಫೋರ್ತುನಾತೊ, ಕೈಯಲ್ಲಿ ಇನ್ನೊಂದು ತಟ್ಟೆ. ಹಿಂದೆ ಹಬ್ಬದ ಲಂಗ ಉಟ್ಟ ಹೆಂಡತಿ.

"ಮೊಣಕಾಲು ಮಾತು ಕೇಳ್ತಿಲ್ಲ ಕೊಮಾದ್ರೆ," ಎಂದ. "ಕಬ್ಬಿಣ ಎತ್ತಿದ್ದು ಸಾಕಾಯ್ತು. ನಾಳೆ ನಿಮ್ಮ ಕೈ ನನ್ನ ವಿರುದ್ಧ ಏಳಬಾರದು. ಕೇಳೋದು ಅಷ್ಟೇ."

"ನಮ್ಮ ಅಂಗಡಿಗಳ ಗತಿ ಏನು ಕೊಂಪಾದ್ರೆ?"

"ನಿಮ್ಮ ಮಗನ ತಲೆ ಮುಟ್ಟಿದ ಕೈ ಇದು. ವಾಪಸ್ ಕಳಿಸ್ತೀರಾ?"

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೆರ್ಮೆಲಿಂದಾ ಕೈಗಳನ್ನು ದಾರದುಂಡೆಯಂತೆ ಸುತ್ತಿಕೊಂಡು ನಿಂತೇ ಇದ್ದರು. ಹುರಿದ ಮಾಂಸದ ಬಿಸಿ ಆರುತ್ತಿತ್ತು, ಮುದುಕ ತಟ್ಟೆ ಇಳಿಸಲಿಲ್ಲ. ಕೊನೆಗೆ ಕೈ ಚಾಚಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಭಾನುವಾರ ಎಲ್ಲರೂ ಬಂದಿದ್ದರು; ಅಷ್ಟರಲ್ಲಿ ಫೋರ್ತುನಾತೊನ ತಟ್ಟೆ ಪ್ರತಿ ಮನೆಯನ್ನೂ ಮುಟ್ಟಿತ್ತು. ಒಪ್ಪುವವರು ಕೈ ಎತ್ತಿ ಎಂದಾಗ ಫೋರ್ತುನಾತೊ ಒಬ್ಬನೇ ಎತ್ತಿದ. ವಿರೋಧ ಯಾರದು ಎಂದು ಹೆರ್ಮೆಲಿಂದಾ ಕೇಳಿದರು. ಬ್ರೆಡ್ಡಿನವನು ನೆಲ ನೋಡಿದ, ಔಷಧಿಯವನು ಕನ್ನಡಕ ಒರೆಸಿದ. ಇನ್ನೊಮ್ಮೆ ಕೇಳಿದರು, ಒಬ್ಬೊಬ್ಬರ ಮುಖವನ್ನೂ ನೋಡುತ್ತ. ಯಾರಾದರೊಬ್ಬ ಕುರ್ಚಿ ಎತ್ತಿ ಎಸೆಯಬಾರದೇ ಎಂದು ನನಗನಿಸಿತು. ಹೆರ್ಮೆಲಿಂದಾರ ಬಲಗೈ ಮೇಜಿನ ಮೇಲಿತ್ತು. ಅದರ ಮೇಲೆ ಎಡಗೈ ಇಟ್ಟುಕೊಂಡಿದ್ದರು.

"ಒಪ್ಪಿಗೆ ಆಯ್ತು ಕೊಂಪಾದ್ರೆ," ಎಂದರು.

ಮನೆಗೆ ಹೋಗುವಾಗ ಒಂದೇ ಒಂದು ಮಾತು ಆಡಿದರು: "ಇವರಿಗೆ ಜಗಳ ಆಡೋದನ್ನ ಮರೆಸಿದವಳು ನಾನೇ."

ಸೂಪರ್ ಮಾರ್ಕೆಟ್ ತೆರೆಯಿತು. ಗುಂಡಿ ಅಂಗಡಿ ಮುಚ್ಚಿತು, ಬ್ರೆಡ್ಡಿನವನು ಒಲೆ ಆರಿಸಿದ. ನನ್ನ ಟೋಪಿಗಳು ಇನ್ನೂ ನೇತಾಡುತ್ತಿವೆ, ಕೊಳ್ಳುವವರಿಲ್ಲ. ಸಂಘ ಮಾತ್ರ ಮುರಿದಿಲ್ಲ. ಕೊಮಾದ್ರೆ ಕರೆದರೆ ಬಾರದಿರುವುದು ಹೇಗೆ? ತಿಂಗಳಿಗೊಮ್ಮೆ ಎಲ್ಲರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕೂರುತ್ತೇವೆ. ವ್ಯಾಪಾರದ ವಿಷಯ ಯಾರಾದರೂ ಮಾತಾಡುವುದಿದೆಯೇ ಎಂದು ಹೆರ್ಮೆಲಿಂದಾ ಕೇಳುತ್ತಾರೆ. ಸ್ವಲ್ಪ ಹೊತ್ತು ಕಾಯುತ್ತಾರೆ. ಆಮೇಲೆ ಎಲ್ಲರಿಗೂ ತಾವೇ ಚಹಾ ಬಗ್ಗಿಸುತ್ತಾರೆ, ಮೊದಲ ಲೋಟ ಫೋರ್ತುನಾತೊಗೆ.